ಕುಲಪತಿ ಯಾರಿಗೆ ಲೆಕ್ಕ ಕೊಡಬೇಕು?

2024ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನ ಒಂದು ಪುಟ್ಟ ಮಸೂದೆಯನ್ನು ಅಂಗೀಕರಿಸಿತು. ಗದಗದಲ್ಲಿರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ರಾಜ್ಯಪಾಲರ ಬದಲು ಮುಖ್ಯಮಂತ್ರಿಯೇ ಕುಲಾಧಿಪತಿ ಆಗಬೇಕು ಎನ್ನುವುದು ಅದರ ಸಾರ. ಮರುತಿಂಗಳೇ ಯುಜಿಸಿ ತನ್ನ ಕರಡು ನಿಯಮಾವಳಿಯನ್ನು ಹೊರಗೆ ಬಿಟ್ಟಿತು. ಅದರಲ್ಲಿ ಕುಲಪತಿಯನ್ನು ಹುಡುಕುವ ಸಮಿತಿಗೆ ಕುಲಾಧಿಪತಿಯ ಪ್ರತಿನಿಧಿಯೇ ಅಧ್ಯಕ್ಷ. ರಾಜ್ಯ ಸರ್ಕಾರಕ್ಕೆ ಅಲ್ಲಿ ಕುರ್ಚಿಯೇ ಇಲ್ಲ. 2025ರ ಫೆಬ್ರವರಿ 5ರಂದು ಕೆಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಬೆಂಗಳೂರಿನಲ್ಲಿ ಸಮಾವೇಶ ನಡೆಸಿ ಈ ಕರಡನ್ನು ವಾಪಸು ತೆಗೆದುಕೊಳ್ಳಿ ಎಂದು ಒತ್ತಾಯಿಸಿದರು. ರಾಜಭವನ ಒಂದು ಕಡೆ, ವಿಧಾನಸೌಧ ಇನ್ನೊಂದು ಕಡೆ, ದೆಹಲಿಯ ಬಹದ್ದೂರ್ ಷಾ ಜಫರ್ ಮಾರ್ಗದಲ್ಲಿರುವ ಯುಜಿಸಿ ಕಚೇರಿ ಮತ್ತೊಂದು ಕಡೆ. ಕುಲಪತಿಯನ್ನು ಯಾರು ನೇಮಿಸಬೇಕು ಎಂಬುದಕ್ಕೆ ಮೂವರೂ ಜಗಳವಾಡುತ್ತಿದ್ದಾರೆ.

ನೇಮಕಗೊಂಡ ಕುಲಪತಿ ನಾಲ್ಕು ವರ್ಷ ಮಾಡಿದ್ದಕ್ಕೂ ಮಾಡದೆ ಬಿಟ್ಟಿದ್ದಕ್ಕೂ ಯಾರ ಮುಂದೆ ಲೆಕ್ಕ ಒಪ್ಪಿಸಬೇಕು ಎಂಬ ಪ್ರಶ್ನೆ ಮಾತ್ರ ಈ ಗದ್ದಲದಲ್ಲಿ ಕೇಳಿಸುತ್ತಿಲ್ಲ. ನಮ್ಮ ಸಾರ್ವಜನಿಕ ವಿಶ್ವವಿದ್ಯಾಲಯಗಳ ಮೇಲೆ ಹಿಡಿತ ಬೇಕಾದಷ್ಟಿದೆ, ಬೇಕಾದವರಿಗಿಂತ ಹೆಚ್ಚು ಜನರ ಕೈಯಲ್ಲಿದೆ. ಹೊಣೆಗಾರಿಕೆ ಮಾತ್ರ ಯಾರ ಕೈಗೂ ಸಿಗದಷ್ಟು ತೆಳುವಾಗಿ ಹರಡಿಹೋಗಿದೆ. ಸ್ವಾಯತ್ತತೆ ಕೊಟ್ಟರೆ ಹೊಣೆಗಾರಿಕೆ ಕಡಿಮೆಯಾಗುತ್ತದೆ ಎಂದು ಸರ್ಕಾರಗಳು ಹೇಳುತ್ತವೆ. ಹೊಣೆಗಾರಿಕೆ ಕೇಳಿದರೆ ಸ್ವಾಯತ್ತತೆ ಹೋಗುತ್ತದೆ ಎಂದು ಪ್ರಾಧ್ಯಾಪಕರು ಹೇಳುತ್ತಾರೆ. ಕರ್ನಾಟಕದಲ್ಲಿ ಈಗ ಎರಡೂ ಇಲ್ಲ.

ರಾಜ್ಯಪಾಲರು ಕುಲಾಧಿಪತಿ ಆಗುವ ಪದ್ಧತಿ ಸಂವಿಧಾನದ್ದಲ್ಲ, ವಸಾಹತು ಕಾಲದ್ದು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸು ವಿಶ್ವವಿದ್ಯಾಲಯಗಳು ಲಂಡನ್ ವಿಶ್ವವಿದ್ಯಾಲಯದ ಅಂದಿನ ಮಾದರಿಯಲ್ಲಿ ಹುಟ್ಟಿದವು. ಪಾಠ ಹೇಳುವುದು ಕಾಲೇಜುಗಳ ಕೆಲಸ, ಪರೀಕ್ಷೆ ನಡೆಸಿ ಪದವಿ ಕೊಡುವುದು ವಿಶ್ವವಿದ್ಯಾಲಯದ ಕೆಲಸ, ಮೇಲೆ ಲಾಟ್‌ಸಾಹೇಬರ ಕಾವಲು. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಆರಂಭವಾದಾಗ ಗವರ್ನರ್ ಜಾಗದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿಯಾದರು, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. ಮಹಾರಾಜಾ ಕಾಲೇಜು, ಸೆಂಟ್ರಲ್ ಕಾಲೇಜುಗಳ ಸುತ್ತ ಕಟ್ಟಿದ ಆ ಪುಟ್ಟ ಸಂಸ್ಥೆಯಲ್ಲಿ ದೊರೆಯ ಮಾತೇ ಕೊನೆಯ ಮಾತು.

ಮೈಸೂರಿನ ಮೊದಲ ಘಟಿಕೋತ್ಸವ ಭಾಷಣ ಮಾಡಲು 1918ರಲ್ಲಿ ಕಲ್ಕತ್ತದಿಂದ ಬಂದವರು ಆಶುತೋಷ್ ಮುಖರ್ಜಿ. ಕೆಲವೇ ವರ್ಷಗಳಲ್ಲಿ ಅವರು ಇನ್ನೊಂದು ಕಾರಣಕ್ಕೆ ದೇಶಕ್ಕೆಲ್ಲ ಹೆಸರಾದರು. ಹಣದ ಮುಗ್ಗಟ್ಟಿನಲ್ಲಿದ್ದ ಕಲ್ಕತ್ತ ವಿಶ್ವವಿದ್ಯಾಲಯಕ್ಕೆ ಬಂಗಾಳ ಸರ್ಕಾರ ಎರಡೂವರೆ ಲಕ್ಷ ರೂಪಾಯಿ ಕೊಡಲು ಮುಂದೆ ಬಂತು, ಜೊತೆಗೆ ಷರತ್ತುಗಳನ್ನೂ ಇಟ್ಟಿತು. 1922ರಲ್ಲಿ ಸೆನೆಟ್ ಆ ಹಣವನ್ನೇ ನಿರಾಕರಿಸಿತು. ಮರುವರ್ಷ ಗವರ್ನರ್ ಲಾರ್ಡ್ ಲಿಟ್ಟನ್ ಷರತ್ತಿನ ಮೇಲೆ ಕುಲಪತಿ ಹುದ್ದೆಯನ್ನು ಮುಂದುವರಿಸುತ್ತೇನೆಂದಾಗ ಆಶುತೋಷ್ ಅದನ್ನೂ ತಿರಸ್ಕರಿಸಿದರು. ಸ್ವಾಯತ್ತತೆಯ ವಿಚಾರ ಬಂದಾಗಲೆಲ್ಲ ಈ ಪ್ರಸಂಗ ನೆನಪಾಗುವುದು ಸಹಜ. ಆದರೆ ಅದರಲ್ಲಿ ಗಮನಿಸಬೇಕಾದ್ದು ಒಂದಿದೆ: ಹಣ ಬೇಡವೆಂದದ್ದು ಸೆನೆಟ್, ಅಂದರೆ ಚರ್ಚೆ ಮಾಡಿ ಮತ ಹಾಕಿದ ಒಂದು ಸಭೆ. ಒಬ್ಬ ಧೀಮಂತನ ಬೆನ್ನಿಗೆ ಒಂದು ಸಂಸ್ಥೆ ಇತ್ತು.

ನಾವು ನೆನೆಯುವುದು ಮಾತ್ರ ಧೀಮಂತರನ್ನು. 1954ರಿಂದ 1967ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವನ್ನು ಕಟ್ಟಿದ ಡಿ.ಸಿ. ಪಾವಟೆ, 1956ರಲ್ಲಿ ಮೈಸೂರಿನ ಕುಲಪತಿಯಾಗಿ ಕನ್ನಡ ಮಾಧ್ಯಮಕ್ಕೂ ಮಾನಸಗಂಗೋತ್ರಿಗೂ ಜೀವ ಕೊಟ್ಟ ಕುವೆಂಪು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗಲೇ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿ ಪುಟ್ಟಪರ್ತಿಗೆ ಪತ್ರ ಬರೆದ ಎಚ್. ನರಸಿಂಹಯ್ಯ. ಇಂದಿನ ಯಾವ ಕುಲಪತಿಯಾದರೂ ಅಂಥ ಸಮಿತಿ ರಚಿಸುವುದನ್ನು ಊಹಿಸಿಕೊಳ್ಳುವುದೇ ಕಷ್ಟ. ಹಾಗೆಂದು ಹಿಂದಿನದೆಲ್ಲ ಚಿನ್ನವಾಗಿರಲಿಲ್ಲ. ಪಾವಟೆಯವರ ಹದಿಮೂರು ವರ್ಷಗಳ ಸಾಧನೆ ದೊಡ್ಡದು. ಆದರೆ ಒಬ್ಬರೇ ಹದಿಮೂರು ವರ್ಷ ಆ ಕುರ್ಚಿಯಲ್ಲಿ ಇರಬಹುದಾದ ವ್ಯವಸ್ಥೆ, ಒಳ್ಳೆಯವರು ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉತ್ತರವನ್ನೇ ಇಟ್ಟುಕೊಂಡಿರಲಿಲ್ಲ.

ಉತ್ತರ ಕೊಡಬೇಕಾದದ್ದು ಕಾನೂನು. 1976ರ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಎಲ್ಲ ವಿಶ್ವವಿದ್ಯಾಲಯಗಳನ್ನೂ ಒಂದೇ ಸೂರಿನಡಿ ತಂದಿತು. ಅದರ ಜಾಗಕ್ಕೆ ಬಂದ 2000ದ ಕಾಯ್ದೆಯೇ ಇಂದಿಗೂ ಚಾಲ್ತಿಯಲ್ಲಿದೆ. ಹಳೆಯ ಕಾಯ್ದೆಯಲ್ಲಿದ್ದ ಸೆನೆಟ್ ಹೊಸದರಲ್ಲಿ ಇಲ್ಲ. ಗಲಾಟೆಯ ಸಂತೆಯಾಗಿದೆ, ರಾಜಕೀಯ ನುಸುಳಿದೆ ಎಂಬ ದೂರು ಸೆನೆಟ್‌ಗಳ ಮೇಲೆ ಇದ್ದದ್ದು ನಿಜ, ಅದರಲ್ಲಿ ಹುರುಳೂ ಇತ್ತು. ಆದರೆ ಅದನ್ನು ತೆಗೆದಾಗ ಕುಲಪತಿ ವರ್ಷಕ್ಕೊಮ್ಮೆಯಾದರೂ ದೊಡ್ಡ ಸಭೆಯೊಂದರ ಎದುರು ನಿಂತು ಬಜೆಟ್ಟಿಗೆ, ವಾರ್ಷಿಕ ವರದಿಗೆ ಸಮಜಾಯಿಷಿ ಕೊಡಬೇಕಾದ ಸಂದರ್ಭವೂ ಹೋಯಿತು. ರಾಜಕೀಯ ಮಾತ್ರ ಹೋಗಲಿಲ್ಲ. ಬಾಗಿಲು ಹಾಕಿದ ಕೋಣೆಗೆ, ಸಿಂಡಿಕೇಟಿಗೆ, ಬಂದು ಕೂತಿತು.

ಈಗ ಕುಲಪತಿಯ ಆಯ್ಕೆ ಹೇಗೆ ನಡೆಯುತ್ತದೆ ನೋಡಿ. ಕುಲಾಧಿಪತಿ, ಯುಜಿಸಿ, ರಾಜ್ಯ ಸರ್ಕಾರ, ಸಿಂಡಿಕೇಟ್ ತಲಾ ಒಬ್ಬರನ್ನು ಶೋಧನಾ ಸಮಿತಿಗೆ ಕಳಿಸುತ್ತವೆ. ಸಮಿತಿ ಮೂವರ ಪಟ್ಟಿ ಮಾಡಿ ಸರ್ಕಾರಕ್ಕೆ ಕೊಡುತ್ತದೆ. ಸರ್ಕಾರ ಅದನ್ನು ಕುಲಾಧಿಪತಿಗೆ ಕಳಿಸುತ್ತದೆ, ಕುಲಾಧಿಪತಿ ಸರ್ಕಾರದ ಸಮ್ಮತಿಯೊಂದಿಗೆ ಅವರಲ್ಲಿ ಒಬ್ಬರನ್ನು ನೇಮಿಸುತ್ತಾರೆ. ಅವಧಿ ನಾಲ್ಕು ವರ್ಷ, ಅಥವಾ 67 ವಯಸ್ಸು ತುಂಬುವವರೆಗೆ. ಕಾಗದದ ಮೇಲೆ ಇದು ಕೆಟ್ಟ ಕ್ರಮವಲ್ಲ. ಎರಡು ಕಡೆಯೂ ಒಪ್ಪಬೇಕು ಎಂಬ ತತ್ವದಲ್ಲಿ ಒಂದು ಸಮತೋಲನವಿದೆ. ಆದರೆ ಇಬ್ಬರು ಒಪ್ಪಬೇಕಾದಲ್ಲಿ ಇಬ್ಬರೂ ಹೊಣೆ ಹೊರದೆ ಇರಬಹುದು. ಅರ್ಜಿ ಹಾಕಿದವರಲ್ಲಿ ಯಾರನ್ನು ಯಾವ ಕಾರಣಕ್ಕೆ ಪಟ್ಟಿಗೆ ತೆಗೆದುಕೊಂಡರು, ಮೂವರಲ್ಲಿ ಒಬ್ಬರೇ ಏಕೆ ಮೇಲೆಂದು ಕಂಡರು ಎಂಬುದಕ್ಕೆ ಬರಹದ ಕಾರಣ ಜನರಿಗೆ ಸಿಗುವುದಿಲ್ಲ. ಕಾರಣ ಇಲ್ಲದ ಜಾಗದಲ್ಲಿ ವದಂತಿ ಬೆಳೆಯುತ್ತದೆ. ಜಾತಿಯ ಲೆಕ್ಕ, ಮಠದ ಶಿಫಾರಸು, ಸಚಿವರ ಒಲವು ಎಂದೆಲ್ಲ ಕ್ಯಾಂಪಸ್ಸಿನ ಕ್ಯಾಂಟೀನುಗಳಲ್ಲಿ ಕೇಳುವ ಮಾತುಗಳಲ್ಲಿ ಎಷ್ಟು ನಿಜವೋ, ಅವನ್ನು ಸುಳ್ಳೆಂದು ತೋರಿಸಲು ಕಡತದಲ್ಲಿ ಏನೂ ಇರುವುದಿಲ್ಲ. ನೆರೆಯ ತಮಿಳುನಾಡಿನಲ್ಲಿ 2018ರಲ್ಲಿ ಅಂದಿನ ರಾಜ್ಯಪಾಲ ಬನ್ವಾರಿಲಾಲ್ ಪುರೋಹಿತ್ ಅವರೇ, ಕುಲಪತಿ ನೇಮಕದಲ್ಲಿ ಹಿಂದೆ ಕೋಟಿಗಟ್ಟಲೆ ಹಣ ಕೈ ಬದಲಾಗಿತ್ತು ಎಂದು ವೇದಿಕೆಯ ಮೇಲೆ ಹೇಳಿದ್ದರು. ಕುಲಾಧಿಪತಿಯೇ ಹೀಗೆಂದ ಮೇಲೆ ಉಳಿದವರು ಏನು ಹೇಳಬೇಕು?

ನ್ಯಾಯಾಲಯ ಈ ಕ್ಷೇತ್ರಕ್ಕೆ ಕಾಲಿಟ್ಟದ್ದು ಹೀಗೆ ಬೇರೆಲ್ಲ ಬಾಗಿಲು ಮುಚ್ಚಿದಾಗ. 2022ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಗುಜರಾತಿನ ಸರ್ದಾರ್ ಪಟೇಲ್ ವಿಶ್ವವಿದ್ಯಾಲಯದ ಕುಲಪತಿಯ ನೇಮಕವನ್ನು ಯುಜಿಸಿ ನಿಯಮಕ್ಕೆ ವಿರುದ್ಧವೆಂದು ರದ್ದು ಮಾಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇರಳದ ತಾಂತ್ರಿಕ ವಿಶ್ವವಿದ್ಯಾಲಯದ ಸರದಿ; ಅಲ್ಲಿ ಮೂರರಿಂದ ಐದು ಹೆಸರಿನ ಪಟ್ಟಿ ಕೊಡಬೇಕಿದ್ದ ಸಮಿತಿ ಒಂದೇ ಹೆಸರು ಕೊಟ್ಟಿತ್ತು. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು 2023ರ ನವೆಂಬರ್ 30ರ ಕಣ್ಣೂರು ತೀರ್ಪು. ಕುಲಪತಿಯ ಮರುನೇಮಕಕ್ಕೆ ಸಹಿ ಹಾಕಿದವರು ರಾಜ್ಯಪಾಲರೇ, ಅಧಿಕಾರವೂ ಅವರದೇ. ಆದರೆ ಸರ್ಕಾರದ ಒತ್ತಡಕ್ಕೆ ಮಣಿದು ಸಹಿ ಹಾಕಿದ್ದರಿಂದ, ತಮ್ಮ ಅಧಿಕಾರವನ್ನು ತಾವೇ ಬಿಟ್ಟುಕೊಟ್ಟಂತಾಯಿತು ಎಂದು ನ್ಯಾಯಾಲಯ ಆ ನೇಮಕವನ್ನು ತಳ್ಳಿಹಾಕಿತು. ಪಶ್ಚಿಮ ಬಂಗಾಳದಲ್ಲಂತೂ ರಾಜ್ಯಪಾಲರೂ ಸರ್ಕಾರವೂ ಒಮ್ಮತಕ್ಕೆ ಬಾರದೆ, 2024ರ ಜುಲೈನಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಯು.ಯು. ಲಲಿತ್ ಅಧ್ಯಕ್ಷತೆಯ ಸಮಿತಿಯನ್ನು ಸುಪ್ರೀಂ ಕೋರ್ಟೇ ನೇಮಿಸಬೇಕಾಯಿತು.

ಹಾಗಾದರೆ ರಾಜ್ಯಪಾಲರನ್ನು ಬಿಡಿಸಿ ಮುಖ್ಯಮಂತ್ರಿಯನ್ನು ಕೂರಿಸಿದರೆ ಸರಿಹೋಗುತ್ತದೆಯೇ? ರಾಜ್ಯಪಾಲರಿಗೆ ಕುಲಾಧಿಪತಿಯಂಥ ಹೆಚ್ಚುವರಿ ಹುದ್ದೆಗಳ ಭಾರ ಬೇಡ ಎಂದು ಕೇಂದ್ರ ರಾಜ್ಯ ಸಂಬಂಧ ಕುರಿತ ಪುಂಛಿ ಆಯೋಗ 2010ರಲ್ಲೇ ಹೇಳಿತ್ತು. ಅದು ಸರಿಯಾದ ಮಾತು. ಜನರಿಂದ ಆಯ್ಕೆಯಾಗದ, ಸದನಕ್ಕೆ ಉತ್ತರ ಕೊಡಬೇಕಿಲ್ಲದ ಒಬ್ಬರ ಕೈಯಲ್ಲಿ ಇಷ್ಟೊಂದು ವಿಶ್ವವಿದ್ಯಾಲಯಗಳ ಕೀಲಿಕೈ ಇರಬಾರದು. ಆದರೆ ಆ ಕೀಲಿಕೈಯನ್ನು ಮುಖ್ಯಮಂತ್ರಿಗೆ ಕೊಡಿ ಎನ್ನುವುದು ಅದರ ತಾರ್ಕಿಕ ಮುಂದುವರಿಕೆ ಅಲ್ಲ. ಈಗ ಇರುವ ಎರಡು ಕಡೆಯ ಒಪ್ಪಿಗೆಯಲ್ಲಿ ಸ್ವಲ್ಪವಾದರೂ ತಡೆ ಇದೆ. ಒಂದೇ ಕಡೆ ಸೇರಿದರೆ ಅದೂ ಇಲ್ಲ. ಕುಲಾಧಿಪತಿ ಸ್ಥಾನವನ್ನು ಘಟಿಕೋತ್ಸವದ ಗೌನಿಗೆ ಸೀಮಿತಗೊಳಿಸಿ, ಆಯ್ಕೆಯನ್ನು ಕಾರಣ ಬರೆದು ಪ್ರಕಟಿಸುವ ಸಮಿತಿಗೆ ಬಿಡುವುದು ನನ್ನ ಮಟ್ಟಿಗೆ ಮೂರನೆಯ ದಾರಿ. ಸಹಿ ಯಾರದ್ದೇ ಇರಲಿ, ಕಾರಣ ಎಲ್ಲರೂ ಓದುವಂತಿರಬೇಕು.

ಇದಕ್ಕೂ ಒಂದು ಎಚ್ಚರಿಕೆ ಬೇಕು. 2017ರ ಕಾಯ್ದೆ ಐಐಎಂಗಳಿಗೆ ನಿರ್ದೇಶಕರನ್ನು ತಾವೇ ಆರಿಸಿಕೊಳ್ಳುವ ಅಧಿಕಾರ ಕೊಟ್ಟಿತು, ಅಷ್ಟು ಸ್ವಾತಂತ್ರ್ಯ ದೇಶದ ಬೇರೆ ಸಾರ್ವಜನಿಕ ಸಂಸ್ಥೆಗಳಿಗೆ ಇರಲಿಲ್ಲ. ಆರೇ ವರ್ಷಗಳಲ್ಲಿ, 2023ರ ತಿದ್ದುಪಡಿಯಲ್ಲಿ, ರಾಷ್ಟ್ರಪತಿಯವರನ್ನು ಸಂದರ್ಶಕರನ್ನಾಗಿ ಮಾಡಿ ಹಿಡಿತ ಮತ್ತೆ ದೆಹಲಿಗೆ ಮರಳಿತು. ಕೊಟ್ಟ ಸ್ವಾತಂತ್ರ್ಯವನ್ನು ಹೊರಗಿನವರಿಗೆ ಕಾಣುವಂತೆ ಬಳಸದಿದ್ದರೆ, ಅದನ್ನು ಕಿತ್ತುಕೊಳ್ಳಲು ನೆಪ ಹುಡುಕುವವರಿಗೆ ಕೆಲಸ ಸುಲಭ.

ಕುಲಪತಿಯ ನೇಮಕ ಮುಗಿದ ಮೇಲೆ ಸುದ್ದಿಮನೆಗಳ ಆಸಕ್ತಿ ಮುಗಿಯುತ್ತದೆ. ಆಡಳಿತದ ನಿಜವಾದ ಕತೆ ಶುರುವಾಗುವುದು ಅಲ್ಲಿಂದ. ಕುಲಪತಿಯ ಪಕ್ಕದಲ್ಲಿ ಕುಲಸಚಿವರಿದ್ದಾರೆ, ಮೌಲ್ಯಮಾಪನಕ್ಕೆ ಇನ್ನೊಬ್ಬ ಕುಲಸಚಿವರಿದ್ದಾರೆ, ಹಣಕಾಸು ಅಧಿಕಾರಿ ಇದ್ದಾರೆ. ಇವರನ್ನು ಕಳಿಸುವುದು ಸರ್ಕಾರ. ಆಡಳಿತದ ಕುಲಸಚಿವರು ಎಷ್ಟೋ ಸಲ ಕೆಎಎಸ್ ಅಥವಾ ಐಎಎಸ್ ಅಧಿಕಾರಿ, ಹಣಕಾಸು ಅಧಿಕಾರಿ ಲೆಕ್ಕಪತ್ರ ಇಲಾಖೆಯವರು. ವರ್ಗಾವಣೆಯ ಆದೇಶ ವಿಧಾನಸೌಧದಿಂದ ಬರುವುದರಿಂದ ಅವರ ಕಣ್ಣು ಅತ್ತ ಕಡೆಯೇ. ಕುಲಪತಿಗೂ ಕುಲಸಚಿವರಿಗೂ ಸರಿಹೋದರೆ ಯಾವ ಕಡತವೂ ನಿಲ್ಲುವುದಿಲ್ಲ, ಸರಿಹೋಗದಿದ್ದರೆ ಯಾವ ಕಡತವೂ ಓಡುವುದಿಲ್ಲ. ಎರಡೂ ಅಪಾಯವೇ.

ಸಿಂಡಿಕೇಟು ಇವರನ್ನು ಹದ್ದಿನ ಕಣ್ಣಿಂದ ನೋಡಬೇಕು. ಅದರಲ್ಲಿ ಸರ್ಕಾರ ನಾಮನಿರ್ದೇಶನ ಮಾಡುವ ಸದಸ್ಯರ ಮಾತಿಗೆ ತೂಕ ಹೆಚ್ಚು, ಸರ್ಕಾರ ಬದಲಾದಾಗ ಆ ಸದಸ್ಯರೂ ಬದಲಾಗುವುದು ವಾಡಿಕೆ. ಕೆಲವರು ವಿದ್ವಾಂಸರು, ಕೆಲವರು ಪಕ್ಷದ ಕಾರ್ಯಕರ್ತರು. ತುರ್ತು ಸಂದರ್ಭದಲ್ಲಿ ಕುಲಪತಿ ತಾವೇ ತೀರ್ಮಾನ ತೆಗೆದುಕೊಂಡು ಆಮೇಲೆ ಸಂಬಂಧಿಸಿದ ಪ್ರಾಧಿಕಾರಕ್ಕೆ ವರದಿ ಮಾಡಬಹುದು ಎಂದು ಕಾಯ್ದೆ ಹೇಳುತ್ತದೆ. ಆ ಅವಕಾಶ ಎಷ್ಟು ಸಲೀಸಾಗಿಬಿಟ್ಟಿದೆಯೆಂದರೆ ಸಿಂಡಿಕೇಟ್ ಸಭೆಯ ಕಾರ್ಯಸೂಚಿಯಲ್ಲಿ "ಘಟನೋತ್ತರ ಅನುಮೋದನೆ" ಎಂಬ ಮಾತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಖರೀದಿ ಆಗಿಹೋಗಿದೆ, ಒಪ್ಪಂದ ಆಗಿಹೋಗಿದೆ, ಈಗ ಹೂಂ ಅನ್ನಿ. ಆಗಿಹೋದದ್ದನ್ನು ಒಪ್ಪದೆ ಬಿಡುವ ಸದಸ್ಯರು ಅಪರೂಪ. ಒಂದು ಸರಳ ನಿಯಮ ಸಾಕು: ತುರ್ತು ಅಧಿಕಾರ ಬಳಸಿದ ಪ್ರತಿ ಆದೇಶವೂ ಹೊರಡಿಸಿದ ವಾರದೊಳಗೆ ಜಾಲತಾಣಕ್ಕೆ ಬರಬೇಕು, ತುರ್ತು ಏನಿತ್ತು ಎಂದು ಎರಡು ಸಾಲು ಬರೆದಿರಬೇಕು. ಹಾಗೆಯೇ ಸಭಾ ನಡವಳಿ. ಮಾಹಿತಿ ಹಕ್ಕು ಕಾಯ್ದೆಯ 4ನೆಯ ಸೆಕ್ಷನ್ ಯಾರೂ ಕೇಳದೆಯೇ ಪ್ರಕಟಿಸಬೇಕೆನ್ನುವ ಮಾಹಿತಿಯನ್ನು, ಅರ್ಜಿ ಹಾಕಿ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು, ತಿಂಗಳು ಕಾದು ಪಡೆಯಬೇಕಾದ ಸ್ಥಿತಿ ಈಗಲೂ ಇದೆ. ನಡವಳಿ ಹಾಕಿದ ಕೆಲವು ವಿಶ್ವವಿದ್ಯಾಲಯಗಳೂ ಇವೆ, ಅವುಗಳ ಮೇಲೆ ಆಕಾಶವೇನೂ ಕಳಚಿ ಬಿದ್ದಿಲ್ಲ.

ಹಣದ ವಿಷಯಕ್ಕೆ ಬಂದರೆ ಒಂದೇ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳು ಎಷ್ಟು ಬೇರೆ ಬೇರೆ ಲೋಕಗಳಲ್ಲಿವೆ ಎಂದು ಅಚ್ಚರಿಯಾಗುತ್ತದೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಆದಾಯ ತೆರಿಗೆ ವಿನಾಯಿತಿ ಕೇಳಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2016ರ ಏಪ್ರಿಲ್‌ನಲ್ಲಿ ಬಂದ ತೀರ್ಪು ಬೇಸರದ ತೆರಿಗೆ ವ್ಯಾಜ್ಯದಂತೆ ಕಂಡರೂ ಓದಬೇಕಾದದ್ದು. ಸರ್ಕಾರದ ನೇರ ಅನುದಾನ ಅದರ ಒಟ್ಟು ಜಮೆಯಲ್ಲಿ ಶೇಕಡ 1ನ್ನು ಮೀರಿರಲಿಲ್ಲ, ಉಳಿದದ್ದು ಬಹುಪಾಲು ವಿದ್ಯಾರ್ಥಿಗಳ ಮತ್ತು ಕಾಲೇಜುಗಳ ಶುಲ್ಕ, ಹೀಗಾಗಿ ಇದು ಸರ್ಕಾರದ ಹಣದಿಂದ ನಡೆಯುವ ಸಂಸ್ಥೆ ಎಂಬ ವಿನಾಯಿತಿ ಸಲ್ಲದು ಎಂದಿತು ನ್ಯಾಯಾಲಯ. ಸರ್ಕಾರ ಸ್ಥಾಪಿಸಿದ, ಸರ್ಕಾರವೇ ಕುಲಪತಿಯ ಆಯ್ಕೆಯಲ್ಲಿ ಪಾಲು ಕೇಳುವ ವಿಶ್ವವಿದ್ಯಾಲಯ ನಡೆಯುತ್ತಿದ್ದದ್ದು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪರೀಕ್ಷಾ ಶುಲ್ಕದಿಂದ. ಆ ವಿದ್ಯಾರ್ಥಿಗಳಿಗೆ ಖರ್ಚಿನ ಬಗ್ಗೆ ಒಂದು ಮಾತು ಕೇಳುವ ವೇದಿಕೆ ಎಲ್ಲಿದೆ?

ಇತ್ತ ಹಂಪಿಯ ಕನ್ನಡ ವಿಶ್ವವಿದ್ಯಾಲಯ. 1991ರಲ್ಲಿ ಪ್ರತ್ಯೇಕ ಕಾಯ್ದೆಯಿಂದ ಹುಟ್ಟಿದ, ಸಂಶೋಧನೆಗೆಂದೇ ಮೀಸಲಾದ ಸಂಸ್ಥೆ. ಸಂಯೋಜಿತ ಕಾಲೇಜುಗಳಿಲ್ಲ, ಆದ್ದರಿಂದ ಶುಲ್ಕದ ಆದಾಯವೂ ಇಲ್ಲ. ಅನುದಾನ ಕಡಿಮೆಯಾದಾಗ ವಿದ್ಯುತ್ ಬಿಲ್ಲಿಗೂ ಸಂಶೋಧಕರ ಶಿಷ್ಯವೇತನಕ್ಕೂ ಪರದಾಡಿದ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದನ್ನು ಓದುಗರು ಮರೆತಿರಲಿಕ್ಕಿಲ್ಲ. ಪ್ರತಿ ನವೆಂಬರ್‌ನಲ್ಲೂ ಕನ್ನಡಕ್ಕಾಗಿ ಮಾತಾಡುವ ರಾಜ್ಯ ಅದು. ಮೈಸೂರು, ಧಾರವಾಡದಂಥ ಹಳೆಯ ವಿಶ್ವವಿದ್ಯಾಲಯಗಳದ್ದು ಮತ್ತೊಂದು ಸಂಕಟ: ನಿವೃತ್ತರ ಪಿಂಚಣಿ. ಸೇವೆಯಲ್ಲಿರುವವರ ಸಂಖ್ಯೆ ಕುಗ್ಗುತ್ತಿದೆ, ಪಿಂಚಣಿದಾರರ ಸಂಖ್ಯೆ ಬೆಳೆಯುತ್ತಿದೆ, ಹೊಸ ವಿಶ್ವವಿದ್ಯಾಲಯಗಳಿಗಾಗಿ ಜಿಲ್ಲೆಗಳನ್ನು ಕತ್ತರಿಸಿ ಕೊಟ್ಟಂತೆಲ್ಲ ಕಾಲೇಜುಗಳ ಶುಲ್ಕವೂ ಅತ್ತ ಹೋಗುತ್ತಿದೆ.

ಆದಾಯದ ಹಸಿವು ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಪ್ರಕರಣಕ್ಕಿಂತ ದೊಡ್ಡ ಪಾಠ ನಮ್ಮಲ್ಲಿಲ್ಲ. ಮೈಸೂರು ವಿಶ್ವವಿದ್ಯಾಲಯದ ಅಂಚೆ ತೆರಪಿನ ಶಿಕ್ಷಣ ಸಂಸ್ಥೆಯಿಂದ 1996ರಲ್ಲಿ ಮೂಡಿದ ಈ ವಿಶ್ವವಿದ್ಯಾಲಯಕ್ಕೆ ಒಳ್ಳೆಯ ಹೆಸರಿತ್ತು. ಕೆಲಸ ಮಾಡುತ್ತಲೇ ಓದಿದ ಎಷ್ಟೋ ಶಾಲಾ ಮೇಷ್ಟ್ರುಗಳು, ಗುಮಾಸ್ತರು, ಗೃಹಿಣಿಯರು ಅಲ್ಲಿಂದ ಎಂ.ಎ. ಮಾಡಿಕೊಂಡರು. ಆಮೇಲೆ ರಾಜ್ಯದ ಹೊರಗೂ ಖಾಸಗಿ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡು, ತಾಂತ್ರಿಕ ಕೋರ್ಸುಗಳನ್ನೂ ಸೇರಿಸಿ ಪದವಿ ಕೊಡುವುದು ಶುರುವಾಯಿತು. ವ್ಯಾಪ್ತಿ ಮೀರಬೇಡಿ ಎಂಬ ಯುಜಿಸಿಯ ಸೂಚನೆಗಳು ಬಂದವು, ಹೋದವು. 2015ರ ಜೂನ್‌ನಲ್ಲಿ ಯುಜಿಸಿ 2012-13ರಿಂದ ಆಚೆಗೆ ಮಾನ್ಯತೆ ಇಲ್ಲವೆಂದು ಸಾರ್ವಜನಿಕ ಪ್ರಕಟಣೆ ಹೊರಡಿಸಿತು. ಆ ಅವಧಿಯಲ್ಲಿ ಓದಿದವರ ಪದವಿ ರಾತ್ರೋರಾತ್ರಿ ಅನುಮಾನಕ್ಕೆ ಸಿಲುಕಿತು. ಬಡ್ತಿಗೆ ಕಾದಿದ್ದವರು, ನೇಮಕಾತಿಗೆ ಅರ್ಜಿ ಹಾಕಿದ್ದವರು ನ್ಯಾಯಾಲಯಗಳ ಮೆಟ್ಟಿಲು ಹತ್ತಿದರು. 2018ರಲ್ಲಿ ಮಾನ್ಯತೆ ಮರಳಿತು. ನಿವೃತ್ತ ನ್ಯಾಯಮೂರ್ತಿಯೊಬ್ಬರ ಸಮಿತಿ ತನಿಖೆಯನ್ನೂ ಮಾಡಿತು. ಆದರೆ ಆ ಒಪ್ಪಂದಗಳು ಒಂದೊಂದಾಗಿ ಸಭೆಗಳಲ್ಲಿ ಹಾದುಹೋದಾಗ ಸರ್ಕಾರದ ಪ್ರತಿನಿಧಿಗಳು ಅಲ್ಲೇ ಇದ್ದರು, ಹಣಕಾಸು ಅಧಿಕಾರಿಗಳು ಅಲ್ಲೇ ಇದ್ದರು, ಲೆಕ್ಕಪರಿಶೋಧನೆ ನಡೆಯುತ್ತಲೇ ಇತ್ತು. ಹಿಡಿತಕ್ಕೆ ಕೊರತೆ ಇರಲಿಲ್ಲ ಎಂದು ನಾನು ಹೇಳುವುದು ಇದಕ್ಕೇ.

ಲೆಕ್ಕಪರಿಶೋಧನೆಯ ಆಕ್ಷೇಪಣೆಗಳು ವರ್ಷಗಟ್ಟಲೆ ಉತ್ತರವಿಲ್ಲದೆ ಉಳಿಯುವುದು ಎಲ್ಲ ಸರ್ಕಾರಿ ಕಚೇರಿಗಳ ಕತೆ, ವಿಶ್ವವಿದ್ಯಾಲಯಗಳದೂ ಅದೇ. ಆಕ್ಷೇಪಣೆ ಬಂದ ಕಾಲದ ಕುಲಪತಿ ಆ ವೇಳೆಗೆ ನಿವೃತ್ತಿಯಾಗಿರುತ್ತಾರೆ, ಹೊಸಬರಿಗೆ ಅದು "ನನ್ನ ಅವಧಿಯದ್ದಲ್ಲ". ಅವಧಿ ಮುಗಿಸಿ ಹೋಗುವ ಕುಲಪತಿ ತಮ್ಮ ಕಾಲದ ಬಾಕಿ ಆಕ್ಷೇಪಣೆಗಳ ಪಟ್ಟಿಗೆ ಸಹಿ ಹಾಕಿ, ಉತ್ತರ ಬರೆದಿಟ್ಟು ಹೋಗುವುದನ್ನು ಕಡ್ಡಾಯ ಮಾಡಲು ದೊಡ್ಡ ಆಯೋಗವೇನೂ ಬೇಕಿಲ್ಲ.

ಇದೆಲ್ಲ ವಿದ್ಯಾರ್ಥಿಗೆ ದೂರದ ಮಾತು. ಆಕೆ ವಿಶ್ವವಿದ್ಯಾಲಯವನ್ನು ಮುಖಾಮುಖಿ ಕಾಣುವುದು ಪರೀಕ್ಷೆಯಲ್ಲಿ ಮಾತ್ರ. ಹೊಸದುರ್ಗದ ಅಥವಾ ಹುಣಸಗಿಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ. ಓದುವವಳಿಗೆ ವಿಶ್ವವಿದ್ಯಾಲಯವೆಂದರೆ ಹಾಲ್ ಟಿಕೆಟ್ಟು, ಫಲಿತಾಂಶ, ಅಂಕಪಟ್ಟಿ. ಆಡಳಿತ ಸುಧಾರಣೆಯ ವರದಿಗಳು ಈ ಮೂರನ್ನು ಕ್ಷುಲ್ಲಕವೆಂದು ಬದಿಗಿಟ್ಟಿವೆ. ಹೊಣೆಗಾರಿಕೆಯ ಅಳತೆಗೋಲು ಇಲ್ಲೇ ಇದೆ ಎನ್ನುವುದು ನನ್ನ ಅಭಿಪ್ರಾಯ. ಫಲಿತಾಂಶ ತಡವಾದರೆ ಬೇರೆ ರಾಜ್ಯದ ಸ್ನಾತಕೋತ್ತರ ಸೀಟು ಕೈತಪ್ಪುತ್ತದೆ, ವಿದ್ಯಾರ್ಥಿವೇತನದ ನವೀಕರಣ ನಿಲ್ಲುತ್ತದೆ, ಕೆಲಸಕ್ಕೆ ಸೇರುವ ದಿನಾಂಕ ದಾಟುತ್ತದೆ.

2021-22ರಿಂದ ಪ್ರವೇಶ, ಪರೀಕ್ಷೆ, ಅಂಕ ಎಲ್ಲವೂ ಯುಯುಸಿ‌ಎಂಎಸ್ ಎಂಬ ಏಕೀಕೃತ ತಂತ್ರಾಂಶದ ಮೂಲಕ ನಡೆಯಬೇಕೆಂದಾಯಿತು. ಉದ್ದೇಶ ಒಳ್ಳೆಯದು, ಎಲ್ಲ ವಿಶ್ವವಿದ್ಯಾಲಯಗಳ ದತ್ತಾಂಶ ಒಂದೆಡೆ ಸಿಗುತ್ತದೆ. ಅನುಭವದಲ್ಲಿ ನಡೆದದ್ದೇನು? ಒಂದು ವಿಷಯದ ಆಂತರಿಕ ಅಂಕ ಕಾಣುತ್ತಿಲ್ಲವೆಂದು ಹುಡುಗಿ ಕಾಲೇಜಿಗೆ ಹೋದರೆ, ನಾವು ಅಪ್‌ಲೋಡ್ ಮಾಡಿದ್ದೇವೆ, ವಿಶ್ವವಿದ್ಯಾಲಯಕ್ಕೆ ಹೋಗು ಎನ್ನುತ್ತಾರೆ. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ, ಇದು ತಂತ್ರಾಂಶದ ಸಮಸ್ಯೆ, ಬೆಂಗಳೂರಿಗೆ ಬರೆದಿದ್ದೇವೆ ಎನ್ನುತ್ತಾರೆ. ಬೆಂಗಳೂರಿನವರು ಕಾಲೇಜಿನವರೇ ಲಾಗಿನ್‌ನಲ್ಲಿ ಸರಿಪಡಿಸಬೇಕು ಎನ್ನುತ್ತಾರೆ. ಮೂರು ಕಡೆಯೂ ಯಾರೂ ಸುಳ್ಳು ಹೇಳಿಲ್ಲ. ಹಿಂದೆ ಬೈಯಲಾದರೂ ಒಬ್ಬ ಗುಮಾಸ್ತ ಇದ್ದ.

ಪಠ್ಯಕ್ರಮದಲ್ಲೂ ಇದೇ. 2021ರ ಆಗಸ್ಟಿನಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಮೊದಲು ಜಾರಿಗೆ ತಂದ ರಾಜ್ಯವೆಂದು ನಾವು ಬೀಗಿದೆವು. ನಾಲ್ಕು ವರ್ಷದ ಪದವಿ ಬಂತು. 2024ರಲ್ಲಿ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯ ಮೇಲೆ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ಯಾವುದು ಸರಿ ಎಂಬ ಚರ್ಚೆ ಇಲ್ಲಿ ಬೇಡ. ಕಾನೂನಿನ ಪ್ರಕಾರ ಪಠ್ಯಕ್ರಮ ನಿರ್ಧರಿಸಬೇಕಾದದ್ದು ಅಧ್ಯಯನ ಮಂಡಳಿಗಳು ಮತ್ತು ವಿದ್ಯಾವಿಷಯಕ ಪರಿಷತ್ತು. ಎರಡೂ ಸಲ ತೀರ್ಮಾನ ಬಂದದ್ದು ಮೇಲಿನಿಂದ, ಆತುರದಲ್ಲಿ. ಒಂದೇ ಕಾಲೇಜಿನಲ್ಲಿ ಎರಡು ಪದ್ಧತಿಯ ತರಗತಿಗಳು ಏಕಕಾಲಕ್ಕೆ ನಡೆದು ಪರೀಕ್ಷಾ ವೇಳಾಪಟ್ಟಿ ಏರುಪೇರಾದಾಗ ಪತ್ರಿಕೆಗಳಲ್ಲಿ ಬೈಸಿಕೊಂಡವರು ಕುಲಪತಿಗಳು.

ಉತ್ತರಪತ್ರಿಕೆಯನ್ನು ನೋಡುವ ಹಕ್ಕು ವಿದ್ಯಾರ್ಥಿಗೆ ಇದೆಯೆಂದು ಸುಪ್ರೀಂ ಕೋರ್ಟು 2011ರ ಆಗಸ್ಟ್ 9ರಂದು ಸಿಬಿಎಸ್ಇ ಪ್ರಕರಣದಲ್ಲಿ ಹೇಳಿತು. ಅದು ಬಂದ ಮೇಲೆ ಛಾಯಾಪ್ರತಿ ಕೊಡುವ ಪದ್ಧತಿ ಹರಡಿತು, ಮೌಲ್ಯಮಾಪಕರ ಕೈಯೂ ಸ್ವಲ್ಪ ಜಾಗ್ರತೆಯಾಯಿತು. ಕೆಳಗಿನಿಂದ ಬರುವ ಹೊಣೆಗಾರಿಕೆ ಕೆಲಸ ಮಾಡುವುದು ಹೀಗೆ. ಇನ್ನೊಂದು ಸಾಧನ ನಮ್ಮ ರಾಜ್ಯದ್ದೇ: ಸಕಾಲ. 2011ರ ಆ ಕಾಯ್ದೆಯಂತೆ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ, ಅದೂ ತಡ ಮಾಡಿದ ನೌಕರನಿಂದ. ಮೊತ್ತ ಪುಟ್ಟದು, ಆದರೆ ವಿಳಂಬಕ್ಕೊಂದು ಹೆಸರು ಅಂಟುತ್ತದೆ. ಫಲಿತಾಂಶ, ಮರುಮೌಲ್ಯಮಾಪನ, ಘಟಿಕೋತ್ಸವ ಪ್ರಮಾಣಪತ್ರ ಇಷ್ಟಕ್ಕೆ ಈ ತತ್ವವನ್ನು ಬಿಗಿಯಾಗಿ ಹಿಡಿದು, ಪ್ರತಿ ಸೆಮಿಸ್ಟರ್‌ನ ವಿಳಂಬದ ದಿನಗಳನ್ನು ವಿಶ್ವವಿದ್ಯಾಲಯದ ಮುಖಪುಟದಲ್ಲಿ ಹಾಕಿದರೆ ಕುಲಪತಿಗಳ ನಡುವೆ ಆರೋಗ್ಯಕರವಾದ ನಾಚಿಕೆ ಹುಟ್ಟೀತು.

ಸಂಯೋಜನೆಯ ವಿಷಯ ಪರೀಕ್ಷೆಗೆ ಅಂಟಿಕೊಂಡೇ ಇದೆ. ಕಾಲೇಜಿಗೆ ಕಟ್ಟಡ, ಗ್ರಂಥಾಲಯ, ಅಧ್ಯಾಪಕರು ಇದ್ದಾರೆಯೇ ಎಂದು ನೋಡಲು ವರ್ಷವರ್ಷವೂ ಸ್ಥಳೀಯ ವಿಚಾರಣಾ ಸಮಿತಿ, ಎಲ್ಲರ ಬಾಯಲ್ಲಿ ಎಲ್‌ಐಸಿ, ಹೋಗುತ್ತದೆ. ಆ ದಿನ ಕಾಲೇಜಿನಲ್ಲಿ ಎಲ್ಲಿಲ್ಲದ ಸಡಗರ, ಬೇರೆ ದಿನ ಕಾಣದ ಅಧ್ಯಾಪಕರೂ ಹಾಜರು. ಇದಕ್ಕೆ ಮದ್ದೆಂದು ರಾಷ್ಟ್ರಮಟ್ಟದ ಮೌಲ್ಯಾಂಕನ ಬಂತು. 1994ರಲ್ಲಿ ಆರಂಭವಾದ ನ್ಯಾಕ್‌ನ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ. 2025ರ ಫೆಬ್ರವರಿಯಲ್ಲಿ ಸಿಬಿಐ, ಒಳ್ಳೆಯ ಶ್ರೇಣಿಗಾಗಿ ಲಂಚ ಪಡೆದ ಆರೋಪದ ಮೇಲೆ ನ್ಯಾಕ್ ಪರಿಶೀಲನಾ ತಂಡದ ಸದಸ್ಯರನ್ನೇ ಬಂಧಿಸಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಸವೆದಿದೆ, ಆದರೂ ಇಲ್ಲಿ ಬೇರೆ ಮಾತು ಹೊಳೆಯುತ್ತಿಲ್ಲ. ಪರಿಶೀಲನೆಯ ವರದಿಯನ್ನು, ಚಿತ್ರಗಳ ಸಮೇತ, ಆ ಕಾಲೇಜಿನ ವಿದ್ಯಾರ್ಥಿಗಳು ಓದಿ ಸುಳ್ಳಿದ್ದರೆ ಹೇಳುವಂತಾದರೆ ಎಲ್‌ಐಸಿಗೂ ನ್ಯಾಕಿಗೂ ಅದಕ್ಕಿಂತ ಒಳ್ಳೆಯ ಕಾವಲಿಲ್ಲ.

ವಿದ್ಯಾರ್ಥಿಗಳ ಬಾಯಿಗೆ ನಾವೇ ಬೀಗ ಹಾಕಿದ್ದೇವೆ. ಕ್ಯಾಂಪಸ್ ಹಿಂಸೆಯ ಕಾರಣಕ್ಕೆ 1989ರಲ್ಲಿ ನಿಂತ ವಿದ್ಯಾರ್ಥಿ ಸಂಘದ ಚುನಾವಣೆ ಮತ್ತೆ ನಡೆಯಲಿಲ್ಲ. ವಿಶ್ವವಿದ್ಯಾಲಯಗಳ ಆಡಳಿತದಲ್ಲಿ ವಿದ್ಯಾರ್ಥಿಗಳಿಗೆ ಪಾಲು ಬೇಕೆಂದು ಯುಜಿಸಿ ನೇಮಿಸಿದ್ದ ಗಜೇಂದ್ರಗಡ್ಕರ್ ಸಮಿತಿ 1971ರಲ್ಲೇ ಹೇಳಿತ್ತು. ಹಣ, ತೋಳ್ಬಲ ತಗ್ಗಿಸಿ ಚುನಾವಣೆ ನಡೆಸುವುದು ಹೇಗೆಂದು ಲಿಂಗ್ಡೋ ಸಮಿತಿ 2006ರಲ್ಲಿ ದಾರಿ ತೋರಿಸಿತ್ತು. ಹದಿನೆಂಟಕ್ಕೆ ಶಾಸಕನನ್ನು ಆರಿಸಬಲ್ಲವರು ಪರೀಕ್ಷಾ ಶುಲ್ಕದ ಬಗ್ಗೆ ಮಾತಾಡುವ ಪ್ರತಿನಿಧಿಯನ್ನು ಆರಿಸಲಾರರು ಎನ್ನುವುದು ವಿಚಿತ್ರ. ರಾಜಕೀಯ ಪಕ್ಷಗಳು ನುಗ್ಗುತ್ತವೆ ಎಂಬ ಭಯ ಇರಬಹುದು; ಸಿಂಡಿಕೇಟಿನಲ್ಲಿ ಅವು ಆಗಲೇ ಇವೆ.

ಇನ್ನು ಅಧ್ಯಾಪಕರು. ಹಲವು ವಿಶ್ವವಿದ್ಯಾಲಯಗಳಲ್ಲಿ ಮಂಜೂರಾದ ಬೋಧಕ ಹುದ್ದೆಗಳ ಅರ್ಧಕ್ಕಿಂತ ಹೆಚ್ಚು ಖಾಲಿ. ತರಗತಿ ನಡೆಸುತ್ತಿರುವವರು ಅತಿಥಿ ಉಪನ್ಯಾಸಕರು, ವರ್ಷದಲ್ಲಿ ಕೆಲವು ತಿಂಗಳ ಸಂಬಳಕ್ಕೆ, ಮುಂದಿನ ವರ್ಷದ ಖಾತರಿಯಿಲ್ಲದೆ. ಅಧ್ಯಯನ ಮಂಡಳಿಯಲ್ಲಿ ಅವರಿಗೆ ಜಾಗವಿಲ್ಲ, ಪಿಎಚ್.ಡಿ. ಮಾರ್ಗದರ್ಶನವಿಲ್ಲ, ತಪ್ಪು ಕಂಡರೆ ಹೇಳುವ ಧೈರ್ಯವೂ ಇರಲಾರದು. ಇಬ್ಬರು ಮೂವರು ಖಾಯಂ ಪ್ರಾಧ್ಯಾಪಕರಿರುವ ವಿಭಾಗದಲ್ಲಿ ಸರದಿಯ ಮೇಲೆ ಅವರೇ ಮುಖ್ಯಸ್ಥರು, ಅವರೇ ಡೀನರು, ಅವರೇ ಪರೀಕ್ಷಾ ಮಂಡಳಿ. ಪರಸ್ಪರ ಪ್ರಶ್ನಿಸುವ ವಿದ್ವತ್ ಸಮುದಾಯವೇ ಇಲ್ಲದ ಕಡೆ ಹೊಣೆಗಾರಿಕೆಯ ನಿಯಮಾವಳಿ ಎಷ್ಟು ಬರೆದರೇನು? ನೇಮಕಾತಿಗೆ ಸರ್ಕಾರದ ಅನುಮತಿ ಸಿಗುವುದಿಲ್ಲ, ಸಿಕ್ಕಾಗ ಸಂದರ್ಶನದ ಅಂಕಗಳ ಮೇಲೆ ದೂರು, ತಡೆಯಾಜ್ಞೆ, ಮತ್ತೆ ವರ್ಷಗಳು. ಬಿಹಾರದಂತೆ ರಾಜ್ಯಕ್ಕೊಂದೇ ಸೇವಾ ಆಯೋಗ ಮಾಡಿ ಎನ್ನುವವರಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ತನ್ನ ಅಧ್ಯಾಪಕರನ್ನು ತಾನೇ ಆರಿಸಲಾರದ ವಿಶ್ವವಿದ್ಯಾಲಯ ಸರ್ಕಾರಿ ಇಲಾಖೆಯೇ ಆಗಿಬಿಡುತ್ತದೆ. ಅಭ್ಯರ್ಥಿಗಳ ಪ್ರಕಟಣೆಗಳು, ಅಂಕಗಳ ವಿಂಗಡಣೆ, ರೋಸ್ಟರ್ ಬಿಂದು, ತಜ್ಞರ ಹೆಸರು ಎಲ್ಲವನ್ನೂ ಆಯ್ಕೆಪಟ್ಟಿಯ ಜೊತೆಗೇ ಹೊರಹಾಕುವ ಷರತ್ತಿನ ಮೇಲೆ ಅಧಿಕಾರ ಅಲ್ಲೇ ಉಳಿಯಲಿ.

ಹುದ್ದೆಗಳೇ ಇಲ್ಲದೆ ವಿಶ್ವವಿದ್ಯಾಲಯ ತೆರೆಯುವ ಹೊಸ ವಿದ್ಯೆಯನ್ನೂ ನಾವು ಕಲಿತೆವು. 2022ರ ತಿದ್ದುಪಡಿ ಬೀದರ್, ಹಾವೇರಿ, ಚಾಮರಾಜನಗರ, ಹಾಸನ, ಕೊಪ್ಪಳ, ಕೊಡಗು, ಬಾಗಲಕೋಟೆ ಹೀಗೆ ಒಮ್ಮೆಲೇ ಏಳು ಜಿಲ್ಲೆಗಳಿಗೆ ವಿಶ್ವವಿದ್ಯಾಲಯ ಕೊಟ್ಟಿತು. ಮೊದಲಿದ್ದ ಸ್ನಾತಕೋತ್ತರ ಕೇಂದ್ರದ ಬೋರ್ಡು ಬದಲಾಯಿತು, ಕುಲಪತಿ ಬಂದರು, ಹೊಸ ಹುದ್ದೆ, ಜಮೀನು, ಕಟ್ಟಡ ಬರಲಿಲ್ಲ. 2025ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಂಪುಟ ಉಪಸಮಿತಿ, ಇವೂ ಸೇರಿದಂತೆ ಹೊಸ ಹತ್ತರಲ್ಲಿ ಬೀದರ್ ಒಂದನ್ನು ಬಿಟ್ಟು ಉಳಿದ ಒಂಬತ್ತನ್ನು ಮುಚ್ಚಲು ಶಿಫಾರಸು ಮಾಡಿತು. ಜಿಲ್ಲೆಗಳಲ್ಲಿ ಪ್ರತಿಭಟನೆ ಎದ್ದಿತು. ಚಾಮರಾಜನಗರದ ಸೋಲಿಗ ಹುಡುಗಿಗೆ ಮೈಸೂರಿಗಿಂತ ಹತ್ತಿರದಲ್ಲಿ ಎಂ.ಎ. ತರಗತಿ ಬೇಕು ಎನ್ನುವುದು ನ್ಯಾಯವಾದ ಬೇಡಿಕೆ. ಅದಕ್ಕೆ ಪ್ರತ್ಯೇಕ ಕುಲಪತಿ, ಪ್ರತ್ಯೇಕ ಸಿಂಡಿಕೇಟ್ ಬೇಕಿತ್ತೇ ಎನ್ನುವುದು ಬೇರೆ ಪ್ರಶ್ನೆ. ಗಟ್ಟಿಯಾದ ಕೇಂದ್ರವೊಂದು ಸಾಕಿತ್ತೆಂದು ನನಗನಿಸುತ್ತದೆ. ತೆರೆದವರು ಒಂದು ಪಕ್ಷದವರು, ಮುಚ್ಚಲು ಹೊರಟವರು ಇನ್ನೊಂದು ಪಕ್ಷದವರು, ಆದ್ದರಿಂದ ಚರ್ಚೆ ಪಕ್ಷಗಳ ಜಗಳವಾಗಿ ಮುಗಿಯಿತು. ಖರ್ಚು ತರುವ ಯಾವ ಮಸೂದೆಗೂ ಆರ್ಥಿಕ ಜ್ಞಾಪನವೊಂದು ಅಂಟಿಸಿರಬೇಕು ಎಂಬುದು ಸದನದ ನಿಯಮ. ಮುಂದಿನ ಐದು ವರ್ಷದ ಸಂಬಳ, ಕಟ್ಟಡ, ಪಿಂಚಣಿಯ ಲೆಕ್ಕ ಎಲ್ಲಿ ಎಂದು ಆ ಹಾಳೆಯನ್ನು ಹಿಡಿದು ಆಗಲೇ ಎರಡೂ ಕಡೆಯ ಶಾಸಕರು ಪಟ್ಟುಹಿಡಿದಿದ್ದರೆ, ಮೂರು ವರ್ಷದ ಮೇಲೆ ಉಪಸಮಿತಿ ಕಂಡುಕೊಂಡದ್ದು 2022ರಲ್ಲೇ ಕಾಣುತ್ತಿತ್ತು.